ಬಿಡುಗಡೆ ಹೊಂದಿದವರ ಕೃತಜ್ಞತೆ

ಸಭೆಗಳಲ್ಲಿ ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 15ನೆಯ ಅಧ್ಯಾಯ 12ರಿಂದ 15, ಲೂಕನು 7ನೆಯ ಅಧ್ಯಾಯ 36ರಿಂದ 50, ಗಲಾತ್ಯದವರಿಗೆ 5ನೆಯ ಅಧ್ಯಾಯ 1ರಿಂದ 14.



ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿಯೂ ಅದರ ಸುತ್ತಲಿನ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಗಳಲ್ಲಿಯೂ ವಾಸಿಸುವ ನಮಗೆ ಬಿಡುಗಡೆ ಎಂಬ ಮಾತು ಪುಸ್ತಕದಿಂದ ಮಾತ್ರ ಕಲಿತ ಮಾತಲ್ಲ. ವರ್ಷವೆಲ್ಲಾ ತುಂಬಿ ಹರಿಯುವ ಹೊಳೆಯೊಂದೂ ಇಲ್ಲದ ಈ ನಾಡಿನಲ್ಲಿ ಮಳೆ ತಪ್ಪಿದರೆ ಕೆರೆ ಒಣಗುವದು. ಕೆರೆ ಒಣಗಿದರೆ ರಾಗಿ ಕೈಗೆ ಬಾರದು, ಹಿಪ್ಪುನೇರಳೆ ಚಿಗುರದು. ಬೆಳೆ ಬಾರದಿದ್ದರೆ ಸಾಲವು ಮನೆಯ ಹೊಸ್ತಿಲು ದಾಟಿ ಒಳಗೆ ಬರುವದು. ಒಳಗೆ ಬಂದ ಸಾಲವು ಅತಿಥಿಯಂತೆ ಎದ್ದು ಹೋಗುವದಿಲ್ಲ. ಅದು ಮೊದಲು ಧಾನ್ಯವನ್ನೂ ಆಮೇಲೆ ಎತ್ತುಗಳನ್ನೂ ಆಮೇಲೆ ಹೊಲವನ್ನೂ ತಿಂದು, ಕಡೆಗೆ ಮನುಷ್ಯನನ್ನೇ ಕೇಳುವದು. ಹೀಗೆ ತನ್ನ ಮೈಯನ್ನೇ ಒತ್ತೆಯಿಟ್ಟು ಧಣಿಯ ಮನೆಯಲ್ಲಿ ದುಡಿಯುವದಕ್ಕೆ ನಿಂತವನನ್ನು ನಮ್ಮ ದೇಶದಲ್ಲಿ ಜೀತದಾಳು ಎಂದು ಕರೆದರು.

ಕರ್ತನಾದ ಯೇಸು ಕ್ರಿಸ್ತನು ನಮಗೆ ದಯಪಾಲಿಸಿದ ಆತ್ಮಿಕ ಬಿಡುಗಡೆಯನ್ನೂ ಅದಕ್ಕಾಗಿ ನಾವು ಸಲ್ಲಿಸತಕ್ಕ ಕೃತಜ್ಞತೆಯನ್ನೂ ಈ ತಿಂಗಳ ಪಾಠದಲ್ಲಿ ವಿಚಾರಿಸೋಣ. ಅಪೊಸ್ತಲರು ಈ ಸತ್ಯವನ್ನು ತಿಳಿಸುವಾಗ ದಾಸತ್ವ, ಈಡು, ವಿಮೋಚನೆ ಎಂಬ ಸಂತೆಯ ಮಾತುಗಳನ್ನೂ ಸಾಲದ ಮಾತುಗಳನ್ನೂ ಉಪಯೋಗಿಸಿದರು. ಆದಕಾರಣ ನಾವೂ ಜೀತದ ವಿಷಯವನ್ನು ಚೆನ್ನಾಗಿ ತಿಳಿದುಕೊಂಡರೆ ಅವರ ಉಪದೇಶವು ನಮಗೆ ಹೆಚ್ಚು ಸ್ಪಷ್ಟವಾಗುವದು.

1. ಬಂಧನವು ಹೇಗೆ ಬಿಗಿಯುವದು?

ಜೀತದ ಹಗ್ಗವು ಕಣ್ಣಿಗೆ ಕಾಣುವಂಥದ್ದಲ್ಲ. ಒಬ್ಬನು ಮಗಳ ಮದುವೆಗೋ ತಂದೆಯ ರೋಗಕ್ಕೋ ಸ್ವಲ್ಪ ಹಣವನ್ನು ಕೈಸಾಲವಾಗಿ ತರುವನು. ತೀರುವ ತನಕ ಧಣಿಯ ಹೊಲದಲ್ಲಿ ದುಡಿಯುವೆನೆಂದು ಒಪ್ಪುವನು. ಅವನ ದುಡಿಮೆಯು ಬಡ್ಡಿಗೆ ಜಮೆಯಾಗುವದೇ ಹೊರತು ಅಸಲಿಗೆ ಆಗುವದಿಲ್ಲ. ಹಬ್ಬಕ್ಕೆ ಬಟ್ಟೆ ಬೇಕಾದರೆ ಮತ್ತೆ ಸಾಲ. ಮಗುವಿಗೆ ಜ್ವರ ಬಂದರೆ ಮತ್ತೆ ಸಾಲ. ಒಂದು ದಿನ ಕೆಲಸ ತಪ್ಪಿದರೆ ಅದಕ್ಕೂ ಲೆಕ್ಕ. ಲೆಕ್ಕದ ಪುಸ್ತಕವು ಧಣಿಯ ಕೈಯಲ್ಲಿಯೇ ಇರುವದರಿಂದ ಓದಲರಿಯದವನಿಗೆ ತಾನು ಎಷ್ಟು ಕೊಡಬೇಕೆಂಬದು ಎಂದಿಗೂ ತಿಳಿಯದು. ಅವನು ಮುಪ್ಪಿನವನಾದಾಗ ಅವನ ಮಗನು ಅದೇ ಕೊಟ್ಟಿಗೆಗೆ ಬರುವನು. ದುಡಿಯುತ್ತಾ ಹೋದ ಹಾಗೆ ಸಾಲವು ಕಡಿಮೆಯಾಗುವ ಬದಲು ಬೆಳೆಯುವದೇ ಈ ಬಂಧನದ ಗುಟ್ಟು.

ಪಾಪದ ದಾಸತ್ವವು ಇದಕ್ಕೆ ಬಹಳ ಹತ್ತಿರವಾದದ್ದು. ಪಾಪಮಾಡುವವನು ಪಾಪಕ್ಕೆ ದಾಸನಾಗುವನೆಂದು ನಮ್ಮ ಕರ್ತನು ಯೆಹೂದ್ಯರಿಗೆ ತಿಳಿಸಿದ್ದನ್ನು ಯೋಹಾನನು ತನ್ನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಕೇಳಿದವರೋ ತಾವು ಅಬ್ರಹಾಮನ ಸಂತತಿಯವರೆಂದೂ ಯಾರಿಗೂ ಎಂದಿಗೂ ದಾಸರಾಗಿರಲಿಲ್ಲವೆಂದೂ ಎದುರುತ್ತರ ಕೊಟ್ಟರು. ಐಗುಪ್ತದಲ್ಲಿ ಇಟ್ಟಿಗೆ ಬಡಿದವರ ಮಕ್ಕಳು, ಬಾಬೆಲಿಗೆ ಸೆರೆಹೋದವರ ಮೊಮ್ಮಕ್ಕಳು, ರೋಮಿನ ಸಿಪಾಯಿಗಳು ಬೀದಿಯಲ್ಲಿ ತಿರುಗಾಡುತ್ತಿದ್ದ ಪಟ್ಟಣದಲ್ಲಿ ನಿಂತುಕೊಂಡೇ ಹೀಗೆ ಹೇಳಿದರು! ತನ್ನ ಹಗ್ಗವನ್ನು ಕಾಣದಿರುವದೇ ಬಂಧನದ ಮೊದಲನೆಯ ಲಕ್ಷಣವು. ಕುಡಿಯುವವನು ತಾನು ಬೇಕೆಂದಾಗ ಬಿಡಬಲ್ಲೆನೆಂದು ಹೇಳುವನು. ನೆರೆಯವನ ಮೇಲೆ ಹಗೆಯಿಟ್ಟವನು ತಾನು ನ್ಯಾಯವನ್ನೇ ಕೇಳುತ್ತೇನೆಂದು ಹೇಳುವನು. ಶಕುನಕ್ಕೂ ಮಾಟಕ್ಕೂ ನಡುಗುವವನು ಇದು ಹಿರಿಯರ ಪದ್ಧತಿಯೆಂದು ಹೇಳುವನು. ತನ್ನ ಸ್ವಂತ ಪುಣ್ಯದಿಂದ ಸಾಲವನ್ನು ತೀರಿಸುವೆನೆಂದು ಹೊರಟವನ ಸ್ಥಿತಿಯೂ ಬೇರೆಯಲ್ಲ. ಅವನ ದುಡಿಮೆಯೂ ಬಡ್ಡಿಗೇ ಸಾಲದು.

2. ಸಾಲವನ್ನು ತೀರಿಸಿದವನು ಯಾರು?

ನಮ್ಮ ದೇಶದಲ್ಲಿ ಬಲಾತ್ಕಾರದ ದುಡಿಮೆಯನ್ನು 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿಯು ನಿಷೇಧಿಸಿತು. ಆದರೂ ಜೀತವು ನಿಲ್ಲಲಿಲ್ಲ. ಆಮೇಲೆ 1975ರ ಅಕ್ಟೋಬರ್ 25ರಂದು ಒಂದು ಸುಗ್ರೀವಾಜ್ಞೆಯು ಜಾರಿಗೆ ಬಂದು, 1976ರಲ್ಲಿ ಅದೇ ಜೀತಪದ್ಧತಿ ರದ್ದಿಯಾತಿ ಕಾಯಿದೆಯಾಯಿತು. ಈ ಕಾಯಿದೆಯು ಏನು ಮಾಡಿತೆಂಬದನ್ನು ಗಮನಿಸಿರಿ. ಜೀತದಾಳುಗಳು ಇನ್ನು ಮುಂದೆ ಕಡಿಮೆ ಬಡ್ಡಿ ಕೊಡಲೆಂದು ಅದು ವಿಧಿಸಲಿಲ್ಲ. ಸ್ವಲ್ಪ ಸ್ವಲ್ಪವಾಗಿ ತೀರಿಸಲೆಂದೂ ಹೇಳಲಿಲ್ಲ. ಜೀತದ ಸಾಲವನ್ನು ತೀರಿಸುವ ಹೊಣೆಯೇ ಅಳಿದುಹೋಯಿತೆಂದು ಸಾರಿತು. ಆ ಸಾಲಕ್ಕಾಗಿ ಹಿಡಿದುಕೊಂಡ ಆಸ್ತಿಯನ್ನು ಹಿಂದಕ್ಕೆ ಕೊಡಬೇಕೆಂದಿತು. ಇನ್ನು ಮುಂದೆ ಬಲವಂತವಾಗಿ ಜೀತಮಾಡಿಸುವವನಿಗೆ 3 ವರ್ಷಗಳ ವರೆಗೆ ಸೆರೆವಾಸವನ್ನೂ 2,000 ರೂಪಾಯಿಗಳ ವರೆಗೆ ಜುಲ್ಮಾನೆಯನ್ನೂ ಗೊತ್ತುಮಾಡಿತು.

ಸರಕಾರದ ಕಾಯಿದೆಯು ಸಾಲವನ್ನು ಅಳಿಸಿತು. ಆದರೆ ಕೊಟ್ಟ ಹಣವನ್ನು ಯಾರೂ ಧಣಿಗೆ ತುಂಬಿಕೊಡಲಿಲ್ಲ, ಯಾಕಂದರೆ ಆ ಹಣವು ಆಳಿನ ಬೆವರಿನಿಂದ ಎಷ್ಟೋ ಸಾರಿ ತೀರಿಹೋಗಿತ್ತು. ದೇವರ ಮುಂದೆ ನಮ್ಮ ಸಾಲವು ಹಾಗಲ್ಲ. ಅದು ಕಳ್ಳಲೆಕ್ಕದ ಸಾಲವಲ್ಲ, ನಿಜವಾದ ಸಾಲ. ಅದನ್ನು ನಾವು ತೀರಿಸಿದವರೂ ಅಲ್ಲ, ತೀರಿಸಶಕ್ತರೂ ಅಲ್ಲ. ಮನುಷ್ಯಕುಮಾರನು ಸೇವೆಮಾಡಿಸಿಕೊಳ್ಳುವದಕ್ಕೆ ಬಾರದೆ ಸೇವೆಮಾಡುವದಕ್ಕೂ ಅನೇಕರಿಗಾಗಿ ತನ್ನ ಪ್ರಾಣವನ್ನು ಈಡುಕೊಡುವದಕ್ಕೂ ಬಂದನೆಂಬದನ್ನು ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಆ ಬೆಲೆಯು ಬೆಳ್ಳಿಬಂಗಾರವಲ್ಲ, ಕ್ರಿಸ್ತನ ರಕ್ತವೇ ಎಂದು ತಿಳಿಸುತ್ತಾನೆ. ಧಣಿಯೇ ಕೊಟ್ಟಿಗೆಗೆ ಇಳಿದುಬಂದು, ಆಳಿನ ನೊಗವನ್ನು ತನ್ನ ಹೆಗಲ ಮೇಲೆ ಹೊತ್ತು, ಅವನ ಲೆಕ್ಕವನ್ನು ತನ್ನ ಲೆಕ್ಕವೆಂದು ಒಪ್ಪಿ, ಅವನನ್ನು ಆಳಾಗಿ ಅಲ್ಲ, ಮಗನಾಗಿ ಮನೆಯೊಳಗೆ ಕರೆದುಕೊಂಡ ಸಂಗತಿಯನ್ನು ಯಾವ ಸಂತೆಯಲ್ಲಿ ಕೇಳಿದ್ದೇವೆ? ಇದೇ ದೇವರ ಪ್ರೀತಿ. ನಾವು ಯೋಗ್ಯರಾದ ಮೇಲೆ ಆತನು ನಮ್ಮನ್ನು ಪ್ರೀತಿಸಲಿಲ್ಲ. ನಾವು ಇನ್ನೂ ಪಾಪಿಗಳಾಗಿರುವಾಗಲೇ ಪ್ರೀತಿಸಿದನು.

3. ಸುದ್ದಿಯನ್ನು ಕೇಳಿ ನಂಬಬೇಕು

ಅಮೇರಿಕ ದೇಶದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರು ತಮಗೆ ತಿರುಗಿಬಿದ್ದ ಸಂಸ್ಥಾನಗಳಲ್ಲಿದ್ದ ಗುಲಾಮರೆಲ್ಲರೂ ಸ್ವತಂತ್ರರೆಂದು 1863ನೆಯ ಇಸವಿ ಜನವರಿ 1ರಂದು ಘೋಷಿಸಿದರು. ಆದರೆ ದೂರದಲ್ಲಿದ್ದ ಟೆಕ್ಸಾಸ್ ಸೀಮೆಗೆ ಆ ಘೋಷಣೆಯನ್ನು ಜಾರಿಗೆ ತರುವ ಸೈನ್ಯವು ಬೇಗನೆ ಮುಟ್ಟಲಿಲ್ಲ. ಧಣಿಗಳು ಅದನ್ನು ತಾವಾಗಿ ಪಾಲಿಸಲೂ ಇಲ್ಲ. 1865ನೆಯ ಇಸವಿ ಜೂನ್ 19ರಂದು ಸೇನಾಧಿಪತಿ ಗ್ರೇಂಜರ್ ಎಂಬವರ ಅಪ್ಪಣೆಯು ಗ್ಯಾಲ್ವೆಸ್ಟನ್ ಪಟ್ಟಣದಲ್ಲಿ ಪ್ರಕಟವಾಯಿತು. ಎರಡು ತಾರೀಕುಗಳ ನಡುವೆ 900 ದಿವಸಗಳು ಕಳೆದಿದ್ದವು. ಅಷ್ಟು ದಿವಸಗಳೂ ಆ ಜನರು ಘೋಷಣೆಯ ಪ್ರಕಾರ ಸ್ವತಂತ್ರರು. ಹೊಲದಲ್ಲಿ ಮಾತ್ರ ಗುಲಾಮರು. ಆ ಜೂನ್ 19ನೆಯ ದಿವಸವನ್ನು ಅವರ ಸಂತತಿಯವರು ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ.

ನಮ್ಮ ಜೀತದ ಕಾಯಿದೆಗೂ ಹೀಗೆಯೇ ಆಯಿತು. ಕಾಯಿದೆ ಹುಟ್ಟಿದ ಕೂಡಲೇ ಕೊಟ್ಟಿಗೆಗಳ ಬಾಗಿಲು ತೆರೆಯಲಿಲ್ಲ. ಸುದ್ದಿಯನ್ನು ಹೊತ್ತು ಊರೂರಿಗೆ ನಡೆಯುವವರು ಬೇಕಾದರು. ಅಧಿಕಾರಿಗಳು ಬಂದು ವಿಚಾರಿಸಿ ಬಿಡುಗಡೆಯ ಪತ್ರವನ್ನು ಕೊಡಬೇಕಾಯಿತು. ಸುದ್ದಿ ಕೇಳಿದ ಮೇಲೂ, ಹೊರಗೆ ಹೋದರೆ ನಾಳೆಯ ಮುದ್ದೆಗೆ ಏನು ಗತಿ ಎಂಬ ಭಯವು ಕಾಲನ್ನು ಹಿಡಿಯಬಲ್ಲದು.

ಸುವಾರ್ತೆ ಎಂಬ ಮಾತಿನ ಅರ್ಥವೇ ಒಳ್ಳೆಯ ಸುದ್ದಿ. ಸುದ್ದಿಯನ್ನು ಕೇಳಿದವನು ಮೂರು ಕೆಲಸಗಳನ್ನು ಮಾಡಬೇಕು: ಕಿವಿಗೊಡಬೇಕು, ನಂಬಬೇಕು, ಎದ್ದು ಹೊರಗೆ ನಡೆಯಬೇಕು. ಈ ಸುದ್ದಿಯು ನಮ್ಮ ಸ್ವಂತ ಭಾಷೆಯಲ್ಲಿ ನಮಗೆ ಮುಟ್ಟುವಂತೆ ಎಷ್ಟೋ ಮಂದಿ ಪ್ರಯಾಸಪಟ್ಟರು. 1810ನೆಯ ಇಸವಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ವರುಷಾನುವರುಷ ಕೂತರು. ಇಂದು ಜಂಗಮಕೋಟೆಯ ಒಬ್ಬ ತಾಯಿಯು ದೀಪದ ಬೆಳಕಿನಲ್ಲಿ ತನ್ನ ಮಕ್ಕಳಿಗೆ ಸುವಾರ್ತೆಯನ್ನು ಓದಿ ಹೇಳುವಾಗ ಆ ಪ್ರಯಾಸದ ಫಲವನ್ನೇ ಹಂಚುತ್ತಾಳೆ. ಆದರೆ ಪುಸ್ತಕವು ಮನೆಯಲ್ಲಿದ್ದು ಓದಲ್ಪಡದೆ ಹೋದರೆ ಆ ಮನೆಯವರು 900 ದಿವಸಗಳ ಗುಲಾಮರಂತೆ ಬಿಡುಗಡೆಯಾಗಿದ್ದೂ ಬಿಡುಗಡೆಯಿಲ್ಲದವರಾಗಿರುವರು.

ಬಿಡುಗಡೆ ಹೊಂದಿದವರು ಹಿಂದಕ್ಕೆ ನೋಡುವದೂ ಉಂಟು. ಇಸ್ರಾಯೇಲ್ಯರು ಅರಣ್ಯದಲ್ಲಿ ಐಗುಪ್ತದ ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನಸಿಕೊಂಡು ಅತ್ತರೆಂಬದು ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಇದೆ. ಅವರು ಈರುಳ್ಳಿಯನ್ನು ನೆನಸಿದರು, ಬೆನ್ನ ಮೇಲೆ ಬಿದ್ದ ಕೋಲನ್ನು ನೆನಸಲಿಲ್ಲ. ಕೃತಜ್ಞತೆ ಎಂಬದು ಸರಿಯಾದ ಜ್ಞಾಪಕಶಕ್ತಿಯೇ. ಎಲ್ಲಿಂದ ಬಂದೆವೆಂಬದನ್ನು ಮರೆತವನಿಗೆ ಮನ್ನವೂ ರುಚಿಯಾಗದು.

4. ಕೃತಜ್ಞತೆಯು ಬಡ್ಡಿಯಲ್ಲ, ಪ್ರೀತಿ

ಇಲ್ಲಿ ಒಂದು ಸಂಶಯವು ಏಳುವದು. ಕ್ರಿಸ್ತನು ನಮ್ಮ ಸಾಲವನ್ನೆಲ್ಲಾ ತೀರಿಸಿದನಲ್ಲಾ, ಇನ್ನು ನಾವು ಆತನಿಗೆ ಕೊಡುವ ಕಾಣಿಕೆ, ಸ್ತೋತ್ರ, ಸೇವೆಗಳು ಏನು? ಅವು ಹೊಸ ಸಾಲದ ಬಡ್ಡಿಯೋ?

ಸೀಮೋನನೆಂಬ ಫರಿಸಾಯನ ಮನೆಯಲ್ಲಿ ಕರ್ತನು ಹೇಳಿದ ಸಾಮ್ಯವು ಇದಕ್ಕೆ ಉತ್ತರ. ಒಬ್ಬನಿಗೆ 500 ಹಣದ ಸಾಲ, ಇನ್ನೊಬ್ಬನಿಗೆ 50 ಹಣದ ಸಾಲ. ಅಲ್ಲಿ ಹೇಳಿದ ನಾಣ್ಯವು ಆ ಕಾಲದ ಕೂಲಿಯಾಳಿನ ಒಂದು ದಿವಸದ ಕೂಲಿ. ಅಂದರೆ ಒಬ್ಬನು 500 ದಿವಸಗಳ ದುಡಿಮೆಯನ್ನೂ ಇನ್ನೊಬ್ಬನು 50 ದಿವಸಗಳ ದುಡಿಮೆಯನ್ನೂ ಕೊಡಬೇಕಾಗಿತ್ತು. ಇಬ್ಬರ ಕೈಯೂ ಬರಿದು. ಸಾಲಕೊಟ್ಟವನು ಇಬ್ಬರನ್ನೂ ಬಿಟ್ಟುಬಿಟ್ಟನು. ಅವರಲ್ಲಿ ಯಾವನು ಹೆಚ್ಚು ಬಡ್ಡಿ ಕೊಡುವನೆಂದು ಕರ್ತನು ಕೇಳಲಿಲ್ಲ. ಯಾವನು ಹೆಚ್ಚಾಗಿ ಪ್ರೀತಿಸುವನೆಂದು ಕೇಳಿದನು. ಆ ಊರಿನವರು ಪಾಪಿಷ್ಠಳೆಂದು ಕರೆದ ಹೆಂಗಸು ಆತನ ಪಾದಗಳನ್ನು ಕಣ್ಣೀರಿನಿಂದ ತೊಳೆದದ್ದು ಕ್ಷಮೆಯನ್ನು ಕೊಂಡುಕೊಳ್ಳುವದಕ್ಕಲ್ಲ. ಕ್ಷಮೆಯನ್ನು ಹೊಂದಿದ ಹೃದಯವು ಸುಮ್ಮನಿರಲಾರದೆ ಹೋದದ್ದರಿಂದಲೇ. ಸೀಮೋನನೋ ಔತಣವನ್ನು ಕೊಟ್ಟನು, ಕಾಲಿಗೆ ನೀರನ್ನು ಕೊಡಲಿಲ್ಲ. ಅವನ ಊಟವು ಮರ್ಯಾದೆ, ಅವಳ ಕಣ್ಣೀರು ಪ್ರೀತಿ.

ಆದಕಾರಣ ನಮ್ಮ ಕಾಣಿಕೆಗಳನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಸುಗ್ಗಿಯ ಕೃತಜ್ಞತಾ ಆರಾಧನೆಯಲ್ಲಿ ಒಬ್ಬನು ಒಂದು ಮೂಟೆ ರಾಗಿಯನ್ನು ತಂದಿಟ್ಟು, ಮುಂದಿನ ವರ್ಷ ಕೊಳವೆಬಾವಿಯಲ್ಲಿ ನೀರು ನಿಲ್ಲದಂತೆ ದೇವರು ನೋಡಿಕೊಳ್ಳಲೆಂದು ಮನಸ್ಸಿನಲ್ಲಿ ಕರಾರುಮಾಡಿಕೊಂಡರೆ, ಅವನು ದೇವರನ್ನು ಲೇವಾದೇವಿಗಾರನನ್ನಾಗಿ ಮಾಡಿದನು. ನೀರಿಗಾಗಿ ಪ್ರಾರ್ಥಿಸುವದು ತಪ್ಪಲ್ಲ. ತಂದೆಯ ಬಳಿ ಮಕ್ಕಳು ಕೇಳದೆ ಇನ್ನಾರು ಕೇಳುವರು? ಆದರೆ ಕಾಣಿಕೆಯನ್ನು ಲಂಚವಾಗಿ ಇಡುವವನು ಮಗನ ಸ್ಥಾನವನ್ನು ಬಿಟ್ಟು ತಿರಿಗಿ ಆಳಿನ ಸ್ಥಾನಕ್ಕೆ ಇಳಿಯುತ್ತಾನೆ. ಬಾವಿ ಬತ್ತಿದ ವರ್ಷ ಅವನ ಸ್ತೋತ್ರವೂ ಬತ್ತುವದು. ಇನ್ನೊಬ್ಬಳು ಒಂದು ಹಿಡಿ ರೇಷ್ಮೆಗೂಡನ್ನು ತಂದಿಟ್ಟು, ತಂದೆಯೇ, ನಾನು ನಿನ್ನವಳು ಎಂದು ಮಾತ್ರ ಹೇಳಿದರೆ, ಆ ಹಿಡಿಗೂಡು ಮೂಟೆಗಿಂತ ತೂಕವಾದದ್ದು.

ಹಳೆಯ ಒಡಂಬಡಿಕೆಯಲ್ಲಿಯೂ ಇದಕ್ಕೆ ಒಂದು ನೆರಳುಂಟು. 6 ವರ್ಷ ದುಡಿದ ಇಬ್ರಿಯ ದಾಸನನ್ನು 7ನೆಯ ವರ್ಷದಲ್ಲಿ ಬಿಟ್ಟುಬಿಡಬೇಕೆಂದು ಧರ್ಮಶಾಸ್ತ್ರವು ವಿಧಿಸಿತು. ಆದರೆ ಆ ದಾಸನು ತನ್ನ ಧಣಿಯನ್ನು ಪ್ರೀತಿಸುವದರಿಂದ ಹೊರಟುಹೋಗಲೊಲ್ಲೆನೆಂದು ಹೇಳಿದರೆ, ಬಾಗಿಲ ಹತ್ತಿರ ಅವನ ಕಿವಿಯನ್ನು ಚುಚ್ಚಬೇಕು. ಆಮೇಲೆ ಅವನು ತನ್ನ ಸ್ವಂತ ಇಷ್ಟದಿಂದ ಆ ಮನೆಯವನಾಗುವನು. ಬಾಗಿಲು ಮುಚ್ಚಿದ್ದರಿಂದ ಒಳಗಿರುವವನಿಗೂ ಬಾಗಿಲು ತೆರೆದಿದ್ದರೂ ಪ್ರೀತಿಯಿಂದ ಒಳಗಿರುವವನಿಗೂ ಎಷ್ಟು ದೂರ! ಪೌಲನು ತನ್ನನ್ನು ಕ್ರಿಸ್ತನ ದಾಸನೆಂದು ಸಂತೋಷದಿಂದ ಕರೆದುಕೊಂಡದ್ದು ಈ ಅರ್ಥದಲ್ಲಿಯೇ. ಗಲಾತ್ಯದವರಿಗೂ ಅವನು ಇದನ್ನೇ ಬೋಧಿಸಿದನು: ನೀವು ಸ್ವತಂತ್ರರಾದಿರಿ, ತಿರಿಗಿ ನೊಗಕ್ಕೆ ಕುತ್ತಿಗೆ ಕೊಡಬೇಡಿರಿ; ಆದರೆ ಆ ಸ್ವಾತಂತ್ರ್ಯವನ್ನು ಶರೀರದ ಇಚ್ಛೆಗೆ ಉಪಯೋಗಿಸದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಿರಿ ಎಂಬದೇ ಅವನ ಉಪದೇಶದ ಸಾರ.

5. ಪರರ ಬೇಡಿಯನ್ನು ಕಾಣದ ಕೃತಜ್ಞತೆ

ಜಾನ್ ನ್ಯೂಟನ್ ಎಂಬವರ ಚರಿತ್ರೆಯನ್ನು ಅನೇಕರು ಅರ್ಧ ಮಾತ್ರ ಹೇಳುತ್ತಾರೆ. ಇಂಗ್ಲೆಂಡಿನ ಈ ನಾವಿಕರು 1748ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಸಮುದ್ರದ ದೊಡ್ಡ ಬಿರುಗಾಳಿಯಲ್ಲಿ ಸಿಕ್ಕಿ, ದೇವರನ್ನು ಕೂಗಿ, ಬದುಕಿ ಉಳಿದರು. ಆ ದಿವಸವನ್ನು ತಮ್ಮ ಜೀವಮಾನವೆಲ್ಲಾ ಕೃತಜ್ಞತೆಯಿಂದ ನೆನಸಿದರು. 1764ರಲ್ಲಿ ಬೋಧಕರಾದರು, ಕೃಪೆಯನ್ನು ಕುರಿತು ಅವರು ರಚಿಸಿದ ಕೀರ್ತನೆಯು ಲೋಕಪ್ರಸಿದ್ಧವಾಗಿದೆ.

ಉಳಿದ ಅರ್ಧವು ಇದು. ಬಿರುಗಾಳಿಯಿಂದ ಬದುಕಿದ ಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗುಗಳ ನಾಯಕರಾಗಿ 1754ರ ವರೆಗೆ ಕೆಲಸ ಮಾಡಿದರು. ಮೇಲಿನ ಹಲಗೆಯ ಮೇಲೆ ಪ್ರಾರ್ಥನೆ, ಕೆಳಗಿನ ಕತ್ತಲೆಯಲ್ಲಿ ಸರಪಳಿಯಿಂದ ಬಿಗಿದ ಮನುಷ್ಯರು! ಆ ವ್ಯಾಪಾರವು ಎಷ್ಟು ಘೋರವಾದದ್ದೆಂದು ಅವರು ಬಹಿರಂಗವಾಗಿ ಪುಸ್ತಕ ಬರೆದು ತಮ್ಮ ನಾಚಿಕೆಯನ್ನು ಒಪ್ಪಿಕೊಂಡದ್ದು 1788ರಲ್ಲಿ, ಅಂದರೆ ಬಿರುಗಾಳಿಯಾಗಿ 40 ವರ್ಷಗಳಾದ ಮೇಲೆ. ಆಮೇಲೆ ಅವರು ಆ ವ್ಯಾಪಾರವನ್ನು ನಿಲ್ಲಿಸಲು ಹೋರಾಡುತ್ತಿದ್ದ ವಿಲ್ಬರ್‌ಫೋರ್ಸರಿಗೆ ಬೆಂಬಲವಾಗಿ ನಿಂತರು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ನರು ತೀರಿಕೊಂಡರು.

ದೇವರು ಅವರನ್ನು ಬಿಡಲಿಲ್ಲವೆಂಬದು ನಮಗೆ ಧೈರ್ಯ. ಆದರೆ 40 ವರ್ಷಗಳು ಬೇಕಾದವೆಂಬದು ನಮಗೆ ಎಚ್ಚರಿಕೆ. ತನ್ನ ಬಿಡುಗಡೆಗಾಗಿ ಸ್ತೋತ್ರಮಾಡುತ್ತಾ, ತನ್ನ ಹಡಗಿನ ಕೆಳಗಿರುವವರ ಅಳುವನ್ನು ಕೇಳದೆ ಇರುವದು ಸಾಧ್ಯವೆಂಬದನ್ನು ಈ ಚರಿತ್ರೆಯು ತೋರಿಸುತ್ತದೆ.

6. ನಮ್ಮ ಕನ್ನಡ ನಾಡಿನ ಒಂದು ದೃಷ್ಟಾಂತ

1843ನೆಯ ಇಸವಿಯಲ್ಲಿ ಕಂಪೆನಿ ಸರಕಾರವು ತನ್ನ 5ನೆಯ ಕಾಯಿದೆಯ ಮೂಲಕ, ಒಬ್ಬ ಮನುಷ್ಯನು ತನ್ನ ಗುಲಾಮನೆಂಬ ಹಕ್ಕನ್ನು ಇನ್ನು ಮುಂದೆ ಯಾವ ನ್ಯಾಯಸ್ಥಾನವೂ ನಡೆಸಿಕೊಡಬಾರದೆಂದು ವಿಧಿಸಿತು. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರ ಸಮಾಚಾರವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಮುಂದಿನ ವರ್ಷದ ಜನವರಿಯಲ್ಲಿ, ಆ ಮಿಷನ್ನಿನ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯೌವನಸ್ಥರು ದೀಕ್ಷಾಸ್ನಾನವನ್ನು ಹೊಂದಿದರು. ತಮ್ಮ ಗುರುವಿನ ಹೆಸರನ್ನು ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಜಾತಿಯಿಂದ ಹೊರಗಾದರು, ಮನೆಯೂ ಬಂಧುಗಳೂ ದೂರವಾದರು. 1846ರಲ್ಲಿ ಬಾಸೆಲ್ ಪಟ್ಟಣಕ್ಕೆ ಹೋಗಿ, ದೇವರ ವಾಕ್ಯವನ್ನು ಅಭ್ಯಾಸಮಾಡಿ, ಬೋಧಕರಾಗಿ 1851ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು.

1850ರ ದಶಕದಲ್ಲಿ ಮೋಗ್ಲಿಂಗರು ಕೊಡಗಿನಲ್ಲಿ ಸೇವೆಮಾಡುತ್ತಿರುವಾಗ, ಆ ಕಾಲದ ಬರಹಗಳಲ್ಲಿ ಹೊಲೆಯರೆಂದು ಕರೆಯಲ್ಪಟ್ಟ ದುಡಿಯುವ ಜನರು ಅವರ ಬಳಿಗೆ ಬಂದರು. ತಲೆತಲಾಂತರದಿಂದ ಅವರು ಭೂಮಿಯೊಡನೆ ಭೂಮಿಯ ಧಣಿಗೆ ಸೇರಿದವರಾಗಿ ಎಣಿಸಲ್ಪಟ್ಟಿದ್ದರು. ಕಾಯಿದೆಯು 1843ರಲ್ಲಿಯೇ ಬಂದಿದ್ದರೂ ನಿಲ್ಲಲು ಸ್ವಂತ ನೆಲವಿಲ್ಲದವನಿಗೆ ಕಾಯಿದೆಯ ಬಲವೇನು? ಆಗ ಮೋಗ್ಲಿಂಗರೂ ಕೌಂಡಿನ್ಯರೂ ಸೇರಿ ಇವರು ನೆಲೆಸುವಂತೆ ಒಂದು ಊರನ್ನು ಕಟ್ಟಿದರು. ಆ ಊರಿನ ಹೆಸರು ಆನಂದಪುರ. ಗುಲಾಮರನ್ನು ಇಟ್ಟುಕೊಳ್ಳುವದೇ ಅಪರಾಧವೆಂದು ದಂಡಸಂಹಿತೆಯು ಜಾರಿಗೆ ಬಂದದ್ದು 1862ರಲ್ಲಿ. ಅದಕ್ಕೆ ಮೊದಲೇ ಆನಂದಪುರದಲ್ಲಿ ದೇವರ ಮಕ್ಕಳ ಒಂದು ಸಭೆಯು ಕೂಡಿತ್ತು.

ಇದರಲ್ಲಿ ನಾವು ನೋಡತಕ್ಕದ್ದು ಏನಂದರೆ, ಕೌಂಡಿನ್ಯರು ಹುಟ್ಟಿದ ಮನೆಗೂ ಆನಂದಪುರದ ಗುಡಿಸಲುಗಳಿಗೂ ನಡುವೆ ಲೋಕವು ಕಟ್ಟಿದ ಗೋಡೆಯು ಬಹಳ ಎತ್ತರವಾದದ್ದು. ಆ ಗೋಡೆಯ ಮೇಲ್ಭಾಗದಲ್ಲಿ ನಿಂತವನಿಗೆ ಅದು ಸೆರೆಮನೆಯ ಗೋಡೆಯೆಂದು ತೋರುವದಿಲ್ಲ. ಕೌಂಡಿನ್ಯರು ಮೊದಲು ತಾವು ಬಿಡುಗಡೆಹೊಂದಿದರು, ಆಮೇಲೆ ಬಿಡುಗಡೆಯನ್ನು ಹಂಚಿದರು. ಮೇಲಿರುವವನಿಗೆ ಹೆಮ್ಮೆಯಿಂದ ಬಿಡುಗಡೆ ಬೇಕು, ಕೆಳಗಿರುವವನಿಗೆ ಭಯದಿಂದ ಬಿಡುಗಡೆ ಬೇಕು. ಕ್ರಿಸ್ತನ ಮೇಜಿನಲ್ಲಿ ಇಬ್ಬರೂ ಒಂದೇ ರೊಟ್ಟಿಯನ್ನು ಮುರಿಯುವರು. ಓಡಿಹೋದ ದಾಸನಾದ ಒನೇಸಿಮನನ್ನು ಪೌಲನು ಅವನ ಧಣಿಯಾದ ಫಿಲೆಮೋನನ ಬಳಿಗೆ ಕಳುಹಿಸುವಾಗ, ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಬೇಡಿಕೊಂಡದ್ದೂ, ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಹಾಕೆಂದದ್ದೂ ಇದೇ ಆತ್ಮದಿಂದ.

7. ನಮ್ಮ ಸಭೆಗಳಲ್ಲಿ ಇದರ ಪ್ರಯೋಗ

ಮೊದಲನೆಯದು, ಭಯದ ವಿಷಯ. ನಾವು ತಿರಿಗಿ ಭಯಪಡುವ ದಾಸರ ಆತ್ಮವನ್ನಲ್ಲ, ಮಕ್ಕಳ ಆತ್ಮವನ್ನು ಹೊಂದಿದೆವೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯವು ತಿಳಿಸುತ್ತದೆ. ಆದರೂ ಮಗುವಿಗೆ ಜ್ವರ ಬಂದರೆ ಗುಟ್ಟಾಗಿ ತಾಯಿತ ಕಟ್ಟಿಸುವ ಮನೆಗಳಿರಬಹುದು. ಅಂಥವರನ್ನು ಬೈಯದೆ ಅವರ ಬಳಿಯಲ್ಲಿ ಕೂತು ಪ್ರಾರ್ಥಿಸಿರಿ. ಮಗುವನ್ನು ವೈದ್ಯರ ಬಳಿಗೆ ಎತ್ತಿಕೊಂಡು ಹೋಗಿರಿ. ಭಯವು ಬೈಗಳಿಂದ ಹೋಗದು, ಪ್ರೀತಿಯಿಂದ ಹೋಗುವದು.

ಎರಡನೆಯದು, ಸಾಲದ ವಿಷಯ. ಆತ್ಮದಲ್ಲಿ ಬಿಡುಗಡೆ ಹೊಂದಿದವರು ಮದುವೆಯ ಆಡಂಬರಕ್ಕಾಗಿ ಮೈಯನ್ನು ಒತ್ತೆಯಿಡುವದು ಯುಕ್ತವಲ್ಲ. ಸಭೆಯ ಹಿರಿಯರು ಮೊದಲು ತಮ್ಮ ಮನೆಯ ಮದುವೆಯನ್ನು ಮಿತವಾಗಿ ಮಾಡಿದರೆ ಬಡವನಿಗೆ ಧೈರ್ಯ ಬರುವದು. ಹಿರಿಯರು ಆಡಂಬರ ಮಾಡಿದರೆ ಬಡವನು ನಾಚಿಕೆಗೆ ಅಂಜಿ ಸಾಲಕ್ಕೆ ಬೀಳುವನು. ಕುಡಿತದ ಸಂಗತಿಯೂ ಹಾಗೆಯೇ. ಕುಡಿತವನ್ನು ಬಿಟ್ಟವನ ಜೊತೆಯಲ್ಲಿ ಸಂತೆಯ ದಿವಸ ಸಾಯಂಕಾಲ ನಡೆದು ಬರುವ ಒಬ್ಬ ಸಹೋದರನು ಹತ್ತು ಪ್ರಸಂಗಗಳಿಗೆ ಸಮಾನನು.

ಮೂರನೆಯದು, ನಮ್ಮ ಕೈಕೆಳಗೆ ದುಡಿಯುವವರ ವಿಷಯ. ಇದು ಎಲ್ಲಕ್ಕಿಂತ ಭಾರವಾದದ್ದು. ನಮ್ಮಲ್ಲಿ ಕೆಲವರಿಗೆ ದೇವರು ಹೊಲವನ್ನೂ ಹುಳುಮನೆಯನ್ನೂ ಕೊಟ್ಟಿದ್ದಾನೆ. ಅಲ್ಲಿ ಕೂಲಿಯಾಳುಗಳು ದುಡಿಯುತ್ತಾರೆ. ಬಿಡುಗಡೆಹೊಂದುವ ದಾಸನನ್ನು ಬರಿಗೈಯಲ್ಲಿ ಕಳುಹಿಸಬಾರದು, ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷೆಯ ಆಲೆಯಿಂದಲೂ ಧಾರಾಳವಾಗಿ ಕೊಟ್ಟು ಕಳುಹಿಸಬೇಕೆಂದು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವು ವಿಧಿಸುತ್ತದೆ. ಕಾರಣವೇನು? ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ನಿನ್ನ ದೇವರು ನಿನ್ನನ್ನು ಬಿಡಿಸಿದನು ಎಂಬ ಜ್ಞಾಪಕವೇ ಕಾರಣ. ಭಾನುವಾರ ದೇವಾಲಯದಲ್ಲಿ ಬಿಡುಗಡೆಗಾಗಿ ಸ್ತೋತ್ರ ಹಾಡಿ, ಸೋಮವಾರ ಆಳಿನ ಕೂಲಿಯನ್ನು ಹಿಡಿಯುವವನ ಸ್ತೋತ್ರವು ಸೂರನ್ನು ದಾಟುವದಿಲ್ಲ. ಮುಂಗಡ ಕೊಟ್ಟ ಹಣದ ನೆವದಿಂದ ಒಬ್ಬನ ಮಗುವನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವವನು ಐಗುಪ್ತವನ್ನು ತನ್ನ ಅಂಗಳದಲ್ಲಿಯೇ ಕಟ್ಟಿಕೊಂಡಿದ್ದಾನೆ.

ನಾಲ್ಕನೆಯದು, ಜಾತಿಯ ವಿಷಯ. ದೀಕ್ಷಾಸ್ನಾನದಲ್ಲಿ ಹೊಸ ಹೆಸರನ್ನು ಹೊಂದಿ, ಹೆಣ್ಣು ತರುವಾಗ ಹಳೆಯ ಕುಲವನ್ನು ವಿಚಾರಿಸುವದು ಐಗುಪ್ತದ ಈರುಳ್ಳಿಯನ್ನು ಬಯಸಿದಂತೆಯೇ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೋಹಾನನು 8ನೆಯ ಅಧ್ಯಾಯದಲ್ಲಿ ಯೆಹೂದ್ಯರು ತಮ್ಮ ದಾಸತ್ವವನ್ನು ಒಪ್ಪದೆ ಹೋದದ್ದು ಯಾಕೆ? ನಮ್ಮ ಊರಲ್ಲಿ ಕಣ್ಣಿಗೆ ಕಾಣದ ಹಗ್ಗಗಳು ಯಾವವು?

2. ಕಾಣಿಕೆಗೂ ಬಡ್ಡಿಗೂ ಇರುವ ಭೇದವನ್ನು ಲೂಕನು 7ನೆಯ ಅಧ್ಯಾಯದಿಂದ ವಿವರಿಸಿರಿ.

3. ನ್ಯೂಟನ್ನರ ಕೃತಜ್ಞತೆಗೂ ಅವರ ಉದ್ಯೋಗಕ್ಕೂ ಇದ್ದ ವಿರೋಧವು ನಮ್ಮ ಮನೆಗಳಲ್ಲಿ ಯಾವ ರೂಪದಲ್ಲಿ ಇರಬಹುದು?

4. ಮುಂದಿನ ಸುಗ್ಗಿಯ ಆರಾಧನೆಯೊಳಗೆ, ನಮ್ಮ ಸಭೆಯಲ್ಲಿ ಸಾಲದಿಂದ ಕುಗ್ಗಿದ ಒಂದು ಕುಟುಂಬಕ್ಕೆ ನಾವು ಕೂಡಿ ಮಾಡತಕ್ಕ ಸಹಾಯವೇನು?

ಪ್ರಿಯರೇ, ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದಾಗ ಒಬ್ಬನೇ ಹಿಂದಿರುಗಿ ಬಂದು ಕರ್ತನ ಪಾದಕ್ಕೆ ಬಿದ್ದನು, ಅವನೂ ಅನ್ಯನಾದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯ ಶುದ್ಧಿಯನ್ನು ಕರ್ತನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಎಲ್ಲಿ ಎಂದು ಕೇಳಿದನು ಮಾತ್ರ. ದೇವರು ಕೊಟ್ಟ ಬಿಡುಗಡೆಯು ನಮ್ಮ ಕೃತಜ್ಞತೆಯ ಮೇಲೆ ನಿಂತಿಲ್ಲ, ಆತನ ಪ್ರೀತಿಯ ಮೇಲೆ ನಿಂತಿದೆ. ಆದರೂ ಆತನು ನಮ್ಮನ್ನು ಹೆಸರು ಹಿಡಿದು ವಿಚಾರಿಸುತ್ತಾನೆ. ಆತನು ನಮ್ಮನ್ನು ಕೇಳುವಾಗ, ಜಂಗಮಕೋಟೆಯ ಸಭೆಯವರು ಆತನ ಪಾದದ ಬಳಿಯಲ್ಲಿಯೂ, ಬೇಡಿಯಲ್ಲಿರುವ ಸಹೋದರನ ಬಳಿಯಲ್ಲಿಯೂ ಸಿಕ್ಕುವಂತೆ ಪರಲೋಕದ ತಂದೆಯು ಅನುಗ್ರಹಿಸಲಿ. ಆಮೆನ್.